ಅಳುವ ಜಾಗ

ಅವನಿಗೆ ಪೀಪಿ ಎಂಬ ಹೆಸರು ಬಿದ್ದದ್ದು ಅಪ್ಪನ ಬಾಯಿಂದ. ಮೂಳೆ, ಗೊರಸು ಬೇಯಿಸಿ ಅಂಟು ತೆಗೆಯುವ ಕಾರ್ಖಾನೆಯಲ್ಲಿ ಅಪ್ಪ ಮೇಸ್ತ್ರಿ. ಮಗ ಹತ್ತನೇ ತರಗತಿ ದಾಟಲಿಲ್ಲವೆಂದು ಅವನನ್ನೂ ಅಲ್ಲಿಗೇ ಸೇರಿಸಿದ. ಹಂಡೆಯ ಮುಚ್ಚಳ ಎತ್ತಿದಾಗ ಏಳುತ್ತಿದ್ದ ನಾತಕ್ಕೆ ಹೊಸದಾಗಿ ಬಂದವರು ಮೊದಲ ವಾರವೆಲ್ಲ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ಹಳಬರು ಮೂಗು ಮುಚ್ಚಿಕೊಂಡು ಬಾಯಲ್ಲಿ ಉಸಿರಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಮೊದಲೇ ಎಲ್ಲದಕ್ಕೂ ಹೇಸುವ ಸ್ವಭಾವದ ಹುಡುಗ ಇವನು, ಇನ್ನೊಬ್ಬರು ಕುಡಿದಿಟ್ಟ ಲೋಟ ಮುಟ್ಟುವವನಲ್ಲ. ಬಾಯಿಗೂ ಆ ಗಾಳಿಗೂ ನಡುವೆ ಏನಾದರೂ ಇರಲಿ ಎಂದು ಸೋದರಮಾವ ತಂದುಕೊಟ್ಟಿದ್ದ ಮೌತ್ ಆರ್ಗನ್ನನ್ನು ತುಟಿಗಿಟ್ಟುಕೊಂಡೇ ಹಂಡೆ ಕಲಕತೊಡಗಿದ.

"ಕೆಲಸಕ್ಕೆ ಬಂದಿದಾನೋ, ಪೀಪಿ ಊದೋಕೆ ಬಂದಿದಾನೋ," ಎಂದು ಅಪ್ಪ ಎಲ್ಲರೆದುರಿಗೆ ಗದರಿದ. ಕೂಲಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವನು ಪೀಪಿ.

ಸೋದರಮಾವ ಸರಕು ಹಡಗುಗಳಲ್ಲಿ ಅಡುಗೆಯವನಾಗಿದ್ದವನು. ರಜೆಗೆ ಬಂದಾಗಲೆಲ್ಲ ಬ್ಲೂಸ್ ಎಂಬ ಅಮೆರಿಕದ ಸಂಕಟದ ಹಾಡುಗಳ ರೆಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತಿದ್ದ. ಅಕ್ಕನ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು, ಬೆರಳ ಸಂದಿಯಲ್ಲಿ ಸಿಗರೇಟು ಹಿಡಿದುಕೊಂಡು ಅಳಿಯನಿಗೆ ಪಾಠ ಹೇಳುತ್ತಿದ್ದ. "ಊದೋದನ್ನ ಯಾರು ಬೇಕಾದ್ರೂ ಊದ್ತಾರೆ ಕಣೋ. ಈ ಹಾಡೆಲ್ಲ ಇರೋದು ಎಳೆಯೋದರಲ್ಲಿ. ಒಳಕ್ಕೆ ಎಳಿ, ನಾಲಿಗೆ ತಗ್ಗಿಸು, ಸ್ವರ ತಾನೇ ಬಗ್ಗುತ್ತೆ." ಸ್ವರ ಬಗ್ಗಿದ ದಿನ ಪೀಪಿ ಸಂಜೆಯವರೆಗೂ ಅದೊಂದನ್ನೇ ಎಳೆದ. ಪಕ್ಕದ ಮನೆಯವರು ಬೆಕ್ಕಿಗೇನಾಯಿತೆಂದು ಕೇಳಲು ಬಂದರು.

ಮುಂದೆ ನಿಧಾನವಾಗಿ ಒಂದು ತಂಡ ಕೂಡಿಬಂತು. ಗಿಟಾರಿಗೆ ಒಬ್ಬ ಸಿಕ್ಕಿದ. ಗಾಳಿ ಬಂದರೆ ಹಾರಿ ಹೋಗುವಂತಿದ್ದ ಅವನನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಡ್ರಮ್ಮಿಗೆ ಒಬ್ಬ ಟೈಲರ್ ಹೆಂಗಸು ಬಂದಳು. ಹೊಲಿಗೆ ಯಂತ್ರ ತುಳಿದು ತುಳಿದು ಅವಳ ಕಾಲಿಗೆ ಎಂಥ ಹದ ಬಂದಿತ್ತೆಂದರೆ, ದೊಡ್ಡ ಡ್ರಮ್ಮಿನ ಪೆಡಲು ಅವಳು ಹೇಳಿದ ಹಾಗೆ ಕೇಳುತ್ತಿತ್ತು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ಅವಳು ಡ್ರಮ್ಮಕ್ಕ ಆದಳು. ಬೇಸ್ ಗಿಟಾರಿನವನು ಮಾತ್ರ ಹುಡುಕದೆ ಸಿಕ್ಕವನು: ಪೀಪಿಯ ಹೆಂಡತಿಯ ತಮ್ಮ. ಮದುವೆಯಾದ ವರ್ಷವೇ "ಅವನಿಗೂ ಏನಾದರೂ ಒಂದು ದಾರಿ ಮಾಡಿ" ಎಂದು ಅತ್ತೆ ಕೈ ಹಿಡಿದುಕೊಂಡಿದ್ದರು. ಬೆರಳು ಸಾಧಾರಣ, ನಾಲಿಗೆ ಚುರುಕು. ಹೋಟೆಲಿನವರ ಹತ್ತಿರ, ಸಭಾಂಗಣದವರ ಹತ್ತಿರ ಮಾತಾಡುವುದೆಲ್ಲ ಕ್ರಮೇಣ ಅವನ ಪಾಲಿಗೇ ಬಂತು. ಪೀಪಿಗೆ ಅದೇ ಬೇಕಾಗಿತ್ತು. ಹಲ್ಲು ಗಿಂಜಿ ಮಾತಾಡುವ ಕೆಲಸ ಅವನಿಗೆ ಆಗುತ್ತಿರಲಿಲ್ಲ.

ತಂಡದ ಯಜಮಾನನಾಗಿ ಪೀಪಿ ಕಟ್ಟುನಿಟ್ಟು. ತಾಲೀಮಿಗೆ ಕುಡಿದು ಬಂದವರು ಬಂದ ದಾರಿಯಲ್ಲೇ ಹೋಗಬೇಕು. ವೇದಿಕೆಯ ಹಿಂದೆ ಉಗುಳುವಂತಿಲ್ಲ. ತನ್ನ ಮೌತ್ ಆರ್ಗನ್ನುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದ, ಮುಟ್ಟಿದವರ ಕಥೆ ಮುಗಿದಂತೆ. "ಇವನಿಗೆ ಡಾಕ್ಟರ್ ಆಗೋ ಯೋಗ ಇತ್ತು, ಓದು ಹತ್ತಲಿಲ್ಲ," ಎಂದು ಡ್ರಮ್ಮಕ್ಕ ತಮಾಷೆ ಮಾಡುತ್ತಿದ್ದಳು.

ಸೋದರಮಾವನ ಎದೆ ಸಿಗರೇಟಿನಿಂದಲೇ ಹಾಳಾಗಿ ಹೋಯಿತು. ಕೊನೆಯ ತಿಂಗಳುಗಳಲ್ಲಿ ಒಂದು ಲೋಟ ನೀರು ಕುಡಿಯಲು ಎರಡು ಸಲ ದಣಿವಾರಿಸಿಕೊಳ್ಳುತ್ತಿದ್ದ. ಅವನನ್ನು ಮಣ್ಣು ಮಾಡಿ ಬಂದ ವಾರವೇ ಪೀಪಿಯ ತಂಡಕ್ಕೆ ಒಂದು ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ. ಮಾವನ ಹೆಸರಿನಲ್ಲಿ ಕಟ್ಟಿದ್ದ ನಿಧಾನದ ಹಾಡೊಂದನ್ನು ನುಡಿಸುತ್ತಿದ್ದಾಗ, ನಡುವೆ ಎತ್ತರದ ಸ್ವರಕ್ಕೆ ಹೋಗುವ ಜಾಗದಲ್ಲಿ, ಪೀಪಿಯ ಉಸಿರು ಕಟ್ಟಿತು. ಎಡಭುಜ ಕುಸಿಯಿತು, ತಲೆ ಬಾಗಿತು, ಗಂಟಲಿನಿಂದ ಬಿಕ್ಕೊಂದು ಮೈಕಿಗೆ ಬಿತ್ತು. ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ನಾಚಿಕೆಯಿಂದ ಮತ್ತೆ ಶುರು ಮಾಡಿದ. ಸಭಾಂಗಣಕ್ಕೆ ಸಭಾಂಗಣವೇ ಎದ್ದು ನಿಂತಿತು.

ಮುಂದಿನ ಕಾರ್ಯಕ್ರಮದಲ್ಲಿ ಉಸಿರು ಕಟ್ಟಲಿಲ್ಲ. ಆದರೆ ಮುಂದಿನ ಸಾಲಿನವರು ಆ ಜಾಗ ಬರಲಿ ಎಂದು ಕಾಯುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಪೀಪಿ ನಿಲ್ಲಿಸಿದ. ಭುಜ ಇಳಿಸಿದ. ಚಪ್ಪಾಳೆ ಅಷ್ಟೇ ಜೋರಾಗಿ ಬಂತು.

ಅಲ್ಲಿಂದ ಮುಂದೆ ಅದು ಹಾಡಿನ ಭಾಗವೇ ಆಯಿತು. ರೆಕಾರ್ಡು ಬಂತು, ರೇಡಿಯೋದಲ್ಲಿ ಬಂತು, ಅಗಲ ಅಂಚಿನ ಕರಿ ಟೋಪಿಯ ಅವನ ಚಿತ್ರ ಗೋಡೆಗಳ ಮೇಲೆ ಬಂತು. ಬ್ಲೂಸ್ ಎಂದರೇನೆಂದು ತಿಳಿಯದವರಿಗೂ ಪೀಪಿ ಅಳುವ ಹಾಡು ಗೊತ್ತಿತ್ತು. ವರ್ಷಗಟ್ಟಲೆ, ಊರೂರು ತಿರುಗಿ, ಅದೇ ಜಾಗದಲ್ಲಿ ಅವನು ಅತ್ತ. ಹೆಂಡತಿ ಒಮ್ಮೆ ನಗುತ್ತಲೇ ಹೇಳಿದ್ದಳು: "ನೀವು ಅಳೋಕೆ ಶುರು ಮಾಡಿದ್ರೆ ನನಗೆ ಗಡಿಯಾರ ಬೇಡ ನೋಡಿ. ಎದ್ದು ಹೋಗಿ ಫ್ಲಾಸ್ಕಿಂದ ಟೀ ಬಗ್ಗಿಸಿದರೆ ಹಾಡು ಮುಗಿಯೋ ಹೊತ್ತಿಗೆ ಕುಡಿಯೋ ಹದಕ್ಕೆ ಬಂದಿರುತ್ತೆ." ಅವನೂ ನಕ್ಕಿದ್ದ.

ಹಾಗಿರುವಾಗ ಭಾಮೈದ ಒಂದು ಮಧ್ಯಾಹ್ನ ಟೈ ಕಟ್ಟಿದ ಅಧಿಕಾರಿಯೊಬ್ಬನನ್ನು ತಾಲೀಮಿನ ಕೋಣೆಗೆ ಕರೆದುಕೊಂಡು ಬಂದ. ಸಿಗರೇಟು ಕಂಪನಿಯವನು. ಮೆತ್ತಗಿನ ಕೈ, ಬಾಯಲ್ಲಿ ಪೆಪ್ಪರಮೆಂಟಿನ ವಾಸನೆ. ಕಂಪನಿಯ ಹೊಸ ಸಿಗರೇಟು ಬರುವುದಿತ್ತು. ಊರಿಂದ ಊರಿಗೆ ದೊಡ್ಡ ಪ್ರವಾಸ, ಸ್ವಂತ ಬಸ್ಸು, ಒಳ್ಳೆಯ ಹೋಟೆಲು, ಬಯಲು ವೇದಿಕೆ. ಕಡ್ಡಿ ಕುಳಿತಲ್ಲೇ ನೆಟ್ಟಗಾದ.

"ಸರ್, ನಿಮ್ಮ ಆ ಹಾಡೇ ನಮಗೆ ಪ್ರಾಣ," ಎಂದ ಅಧಿಕಾರಿ. "ಆ ಅಳೋ ಜಾಗ ಇದೆಯಲ್ಲ, ಅಲ್ಲಿ ನೀವು ನಿಲ್ಲಿಸ್ತೀರಿ. ಕರವಸ್ತ್ರ ತೆಗೆಯೋ ಜೇಬಿಂದಲೇ ಒಂದು ಸಿಗರೇಟು ತೆಗೀತೀರಿ. ಹಚ್ಚಿ, ಒಂದು ದಮ್ಮು ಆಳವಾಗಿ ಎಳೀತೀರಿ. ಹೊಗೆ ಬಿಡ್ತಾ ಬಿಡ್ತಾ ಮತ್ತೆ ನುಡಿಸ್ತೀರಿ. ಮೌತ್ ಆರ್ಗನ್ ತೂತುಗಳಿಂದ ಹೊಗೆ ಬರ್ತಾ ಇರುತ್ತೆ, ಹಿಂದಿನಿಂದ ನೀಲಿ ಲೈಟು. ಜನ ಸತ್ತೇ ಹೋಗ್ತಾರೆ ಸರ್."

"ಸತ್ತೇ ಹೋಗ್ತಾರೆ," ಎಂದ ಪೀಪಿ.

ಅಧಿಕಾರಿಗೆ ಆ ದನಿ ಅರ್ಥವಾಗಲಿಲ್ಲ. "ಹೌದು ಸರ್," ಎಂದ ಸಂತೋಷದಿಂದ.

"ನೀವು ಸೇದ್ತೀರಾ?"

"ಅಯ್ಯೋ, ಇಲ್ಲಪ್ಪ. ಮನೇಲಿ ಚಿಕ್ಕ ಮಕ್ಕಳಿದಾರೆ."

ಪೀಪಿ ಎದ್ದು ಕಿಟಕಿ ತೆರೆದ. ಎದೆ ಚಿಂದಿಯಾಗಿ ಸತ್ತವನ ಹಾಡಿನ ನಡುವೆ ದಮ್ಮು ಎಳೆಯಲು ಕೇಳುತ್ತಿದ್ದಾನೆ ಈ ಮನುಷ್ಯ, ಅದೂ ಪೆಪ್ಪರಮೆಂಟು ಚೀಪುತ್ತಾ. "ಭಾಮೈದ, ಇವರನ್ನ ಬಾಗಿಲವರೆಗೂ ಬಿಟ್ಟು ಬಾ. ಆ ಕುರ್ಚಿ ಒರೆಸಿಬಿಡು," ಎಂದ.

ಬಾಗಿಲವರೆಗೆ ಹೋದ ಭಾಮೈದ ರಸ್ತೆಯ ತಿರುವಿನವರೆಗೂ ಹೋಗಿ ಬಂದ. ಬಂದವನ ಮುಖದಲ್ಲಿ ಬೇರೆಯೇ ಕಳೆಯಿತ್ತು.

"ಭಾವ, ನೀವು ದೊಡ್ಡವರು, ನಿಮಗೆ ಬೇಡ ಅಂದ್ರೆ ಬೇಡ. ಆದರೆ ಕಡ್ಡಿಗೆ ಮನೆ ಇಲ್ಲ. ಡ್ರಮ್ಮಕ್ಕಂಗೆ ಮೊಣಕಾಲು ನೋವು. ಎಷ್ಟು ದಿನ ಲಾರಿ ಹಿಂದೆ ಕೂತು ಊರು ಸುತ್ತೋದು?"

"ನನ್ನ ಮೊಣಕಾಲಿನ ವಿಷಯ ನೀನು ಎತ್ತಬೇಡ," ಎಂದಳು ಡ್ರಮ್ಮಕ್ಕ.

"ಮಾವ ಏನಾಗಿ ಸತ್ತ ಅಂತ ಗೊತ್ತಲ್ಲ ನಿನಗೆ?" ಎಂದ ಪೀಪಿ.

"ಗೊತ್ತು ಭಾವ. ಆದರೆ ಅವರ ಸಾವನ್ನ ನಾವು ಇವತ್ತಿನ ತನಕ ಟಿಕೆಟ್ ಹಾಕೇ ತೋರಿಸಿದೀವಲ್ಲ."

ಪೀಪಿ ಅವನ ಕೆನ್ನೆಗೆ ಹೊಡೆದ. ಜೀವಮಾನದಲ್ಲಿ ಅವನು ಕೈ ಎತ್ತಿದ್ದು ಅದೊಂದೇ ಸಲ. ಹೊಡೆದ ಮೇಲೆ ನಲ್ಲಿಗೆ ಹೋಗಿ ಕೈ ತೊಳೆದುಕೊಂಡ. ಭಾಮೈದನಿಗೆ ಏಟಿಗಿಂತ ಆ ಕೈ ತೊಳೆದದ್ದೇ ಹೆಚ್ಚು ನಾಟಿತು.

ತಂಡದ ಹೆಸರು ಕಾಗದಪತ್ರದಲ್ಲಿ ಭಾಮೈದನ ಹೆಸರಿಗಿತ್ತು. ಅವೆಲ್ಲ ತಲೆನೋವು ತನಗೆ ಬೇಡವೆಂದು ಪೀಪಿಯೇ ಬಿಟ್ಟುಕೊಟ್ಟಿದ್ದ. ವಸಂತ ಬರುವ ಹೊತ್ತಿಗೆ ಗೋಡೆಗಳ ಮೇಲೆ ಚಿತ್ರ ಬಂತು: ಅಗಲ ಅಂಚಿನ ಕರಿ ಟೋಪಿ, ಅದರ ಕೆಳಗೆ ಮೌತ್ ಆರ್ಗನ್ ಹಿಡಿದ ಎರಡು ಕೈ, ಹೊಗೆ. ಮುಖ ಕಾಣುತ್ತಿರಲಿಲ್ಲ. ಕೆಳಗೆ ‘ಪೀಪಿ ಮತ್ತು ತಂಡ’ ಎಂದಿತ್ತು. ಪೀಪಿಯ ಜಾಗಕ್ಕೆ ಜಾಹೀರಾತುಗಳಿಗೆ ನುಡಿಸುತ್ತಿದ್ದ ಒಬ್ಬನನ್ನು ಹಿಡಿದು ತಂದಿದ್ದರು. ಕಡ್ಡಿ ಹೋದ, ಹೋಗುವಾಗ ಹೇಳಿಯೂ ಹೋಗಲಿಲ್ಲ. ಡ್ರಮ್ಮಕ್ಕ ಬಂದು ಹೊಸ್ತಿಲಲ್ಲಿ ನಿಂತು, "ಮಗಳ ಹೆರಿಗೆ ಖರ್ಚು ಇದೆ ಕಣಪ್ಪ, ಈ ಒಂದು ಸಲ ಹೋಗಿ ಬರ್ತೀನಿ," ಎಂದಳು. ಅವನು ಒಳಗೆ ಬಾ ಎನ್ನಲಿಲ್ಲ.

ಬೇಸಿಗೆಯ ಒಂದು ಭಾನುವಾರ ಪ್ರವಾಸ ಅವರ ಊರಿಗೇ ಬಂತು. ಹೋಗಬೇಡಿ ಎಂದಳು ಹೆಂಡತಿ. ಹೋಗಲೇಬೇಕು ಎಂದು ಅವನು ಹಟ ಹಿಡಿದಾಗ ತಾನೂ ಚಪ್ಪಲಿ ಮೆಟ್ಟಿಕೊಂಡಳು. ಬಯಲಿನ ಬಾಗಿಲಲ್ಲಿ ಒಂದೇ ಬಣ್ಣದ ಉಡುಪಿನ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಿಗರೇಟು ಹಂಚುತ್ತಿದ್ದರು. ಬಿಸಿಲು ಇನ್ನೂ ಇಳಿದಿರಲಿಲ್ಲ. ತುಳಿದ ತುಂಡುಗಳು ಹುಲ್ಲಿನ ತುಂಬ ಬಿದ್ದಿದ್ದವು. ಟೋಪಿಯಿಲ್ಲದ ಪೀಪಿಯನ್ನು ಯಾರೂ ಗುರುತಿಸಲಿಲ್ಲ. ಕೈಚೀಲ ಹಿಡಿದ ಹೆಂಡತಿಯ ಪಕ್ಕ ನಿಂತ, ನೆತ್ತಿ ಬೋಳಾದ ಒಬ್ಬ ಗಂಡ, ಅಷ್ಟೇ.

ಆ ಹೊಸಬ ಕೆಟ್ಟದಾಗಿ ನುಡಿಸಿದ್ದರೆ ಪೀಪಿ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದ. ಅವನು ಕೆಟ್ಟದಾಗಿ ನುಡಿಸಲಿಲ್ಲ. ಟೋಪಿಯನ್ನು ಬೆರಳಿನಿಂದ ಹಿಂದಕ್ಕೆ ತಳ್ಳುವ ರೀತಿ, ಹಾಡು ಶುರುವಾಗುವ ಮೊದಲು ಕಣ್ಣು ಮುಚ್ಚಿ ಆಕಾಶಕ್ಕೆ ಮುಖ ಎತ್ತುವ ರೀತಿ, ಹೆಂಗಸರು ಹೆಚ್ಚಿರುವ ಕಡೆಗೆ ಮೈ ವಾಲಿಸುವ ರೀತಿ, ಸಲೀಸಾದ ಸ್ವರವನ್ನೂ ಕಷ್ಟಪಟ್ಟು ಹೊರಗೆ ತರುವಂತೆ ಮುಖ ಕಿವುಚುವ ರೀತಿ. ಪೀಪಿ ಒಂದೊಂದನ್ನೂ ಗುರುತು ಹಿಡಿದ. ಹಾದಿಯಲ್ಲಿ ಹೋಗುತ್ತಿರುವಾಗ ತನ್ನದೇ ಹಳೆಯ ಒಳಚಡ್ಡಿಗಳು ಯಾರದೋ ಅಂಗಳದಲ್ಲಿ ಒಣಗುತ್ತಿರುವುದು ಕಂಡಂತಾಯಿತು.

ಮಾವನ ಹಾಡು ಬಂತು. ಅಳುವ ಜಾಗ ಬಂತು. ಎಡಭುಜ ಕುಸಿಯಿತು, ತಲೆ ಬಾಗಿತು, ಬಿಕ್ಕು ಮೈಕಿಗೆ ಬಿತ್ತು. ಕರವಸ್ತ್ರದ ಹಿಂದೆಯೇ ಸಿಗರೇಟು ಬಂತು. ದಮ್ಮು ಎಳೆದು, ತೂತುಗಳಿಂದ ಹೊಗೆ ಸುರಿಸುತ್ತಾ ಅವನು ಎತ್ತರದ ಸ್ವರಕ್ಕೆ ಏರಿದಾಗ ಬಯಲೆಲ್ಲ ಹುಚ್ಚೆದ್ದು ಕೂಗಿತು. ಪೀಪಿಯ ಪಕ್ಕದಲ್ಲಿದ್ದ ನಡುವಯಸ್ಸಿನ ಹೆಂಗಸು ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ನಾನು ಮದುವೆಗೆ ಮುಂಚೆ ಒಂದು ಸಲ ಇವರನ್ನ ಹತ್ತಿರದಿಂದ ನೋಡಿದ್ದೆ. ಒಂದು ಕೂದಲೂ ವ್ಯತ್ಯಾಸ ಆಗಿಲ್ಲ ನೋಡಿ. ಪಾಪ, ಆ ಸಂಕಟ ಇನ್ನೂ ಹಾಗೇ ಇದೆ."

ಪೀಪಿ ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದ. ಬಸ್ಸುಗಳು ನಿಂತಿದ್ದ ಗೋಡೆಯ ಬದಿಗೆ ಹೋಗಿ ವಾಂತಿ ಮಾಡಿಕೊಂಡ. ಹೆಂಡತಿ ಬೆನ್ನು ಸವರಿದಳು, ಕೈಚೀಲದಿಂದ ನೀರಿನ ಬಾಟಲು ತೆಗೆದುಕೊಟ್ಟಳು.

"ಹೊಗೆಗೆ ಹೀಗಾಯ್ತಾ?"

"ಅವನಿಗೆ," ಎಂದ ಪೀಪಿ ಬಾಯಿ ಮುಕ್ಕಳಿಸುತ್ತಾ, "ಹೊಸದಾಗಿ ಏನೂ ಸೇರಿಸೋ ಅಗತ್ಯ ಬೀಳಲಿಲ್ಲ ಕಣೆ. ಈ ಬೀಡಿ ಅಂಗಡಿಯವರಿಗೆ ಬೇಕಾದ್ದೆಲ್ಲ ನಾನೇ ಮಾಡಿಟ್ಟಿದ್ದೆ."

ಹೆಂಡತಿ ಇಲ್ಲ ಎನ್ನಲಿಲ್ಲ. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಅಷ್ಟರಲ್ಲಿ ಕಾರ್ಯಕ್ರಮ ಮುಗಿದು, ಬಸ್ಸಿನ ಕಡೆಗೆ ಬರುತ್ತಿದ್ದ ಹೊಸಬ ಅವರನ್ನು ಕಂಡ. ಟೋಪಿ ತೆಗೆದಾಗ ಅವನ ಮುಖ ಎಳೆಯದು, ಸಾಧುವಾದದ್ದು. ಓಡುತ್ತಲೇ ಹತ್ತಿರ ಬಂದ. ಬೈಗುಳ ತಿನ್ನಲು ಸಿದ್ಧನಾದವನಂತೆ ತಲೆ ತಗ್ಗಿಸಿದ.

"ಸರ್, ನೀವು ಬರ್ತೀರಿ ಅಂತ ಗೊತ್ತಿರಲಿಲ್ಲ. ಕ್ಷಮಿಸಿ. ಮನೇಲಿ ಕಷ್ಟ ಇತ್ತು, ಒಪ್ಕೊಂಡೆ."

ಪೀಪಿ ಬಾಟಲಿನ ಮುಚ್ಚಳ ತಿರುಗಿಸಿ ಹೆಂಡತಿಯ ಕೈಗೆ ಕೊಟ್ಟ.

"ಒಂದು ಕೇಳಲಾ ಸರ್? ಆ ಅಳೋ ಜಾಗದಲ್ಲಿ ಏನೋ ಒಂದು ಎಳೆ ತಪ್ತಾ ಇದೆ ಅನ್ಸುತ್ತೆ. ರೆಕಾರ್ಡು ಹಾಕಿ ಹಾಕಿ ಕೇಳಿದೀನಿ. ಉಸಿರು ಎಲ್ಲಿವರೆಗೂ ಹಿಡೀಬೇಕು?"

"ಡ್ರಮ್ಮು ಮೂರನೇ ಸಲ ತಟ್ಟೋವರೆಗೂ ಹಿಡಿ," ಎಂದಿತು ಪೀಪಿಯ ಬಾಯಿ. "ಭುಜ ಮೊದಲು ಇಳಿಲಿ, ತಲೆ ಆಮೇಲೆ. ನೀನು ಎರಡನ್ನೂ ಒಟ್ಟಿಗೆ ಇಳಿಸ್ತಿದೀಯ. ಕರವಸ್ತ್ರ ಬೇಗ ತೆಗೀಬೇಡ, ಜನಕ್ಕೆ ಕೈ ಕಾಣಬಾರದು."

ಹುಡುಗ ಮನಸ್ಸಿನಲ್ಲೇ ಒಮ್ಮೆ ಮಾಡಿ ನೋಡಿಕೊಂಡವನಂತೆ ಭುಜ ಅಲುಗಿಸಿದ. "ಈಗ ಗೊತ್ತಾಯ್ತು ಸರ್. ನಿಮ್ಮ ಉಪಕಾರ ಮರೆಯಲ್ಲ."

ಮನೆಗೆ ನಡೆಯುವ ದಾರಿಯುದ್ದಕ್ಕೂ ಪೀಪಿ ಹೆಂಡತಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ಸಿಗರೇಟಿನವನ ಮೇಲಿನ ಹೇಸಿಗೆ, ಭಾಮೈದನ ಮೇಲಿನ ಹೇಸಿಗೆ ಎಲ್ಲವೂ ತನ್ನ ಮೇಲೇ ಹುಟ್ಟಿದ ಈ ಹೇಸಿಗೆಯ ಮುಂದೆ ಸಪ್ಪೆಯಾಗಿದ್ದವು. ಕೇಳಿದ ಕೂಡಲೇ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಒಂದು ಕ್ಷಣವೂ ಹುಡುಕಬೇಕಾಗಲಿಲ್ಲ. ಸೋದರಮಾವ ನರಳಿ ಸತ್ತದ್ದನ್ನು ಅವನು ಭುಜ, ತಲೆ, ಕರವಸ್ತ್ರ ಎಂದು ಬಿಡಿಸಿ ಹೇಳಿಕೊಟ್ಟಿದ್ದ.

ಬೇಸಿಗೆ ಕಳೆಯುವವರೆಗೂ ಬಿಳಿ ಬಟ್ಟೆಯ ಗಂಟು ಬಿಚ್ಚಲಿಲ್ಲ. ನೆಂಟರು ಬಂದು ‘ನಿಮಗೆ ಅನ್ಯಾಯ ಆಯ್ತು’ ಎಂದು ಉಪ್ಪು ಖಾರ ಹಚ್ಚಿ ಮಾತಾಡಿದರೆ ಎದ್ದು ಹೋಗುತ್ತಿದ್ದ. ಕನ್ನಡಿ ನೋಡಿಕೊಂಡು ಗಡ್ಡ ಹೆರೆಯುವಾಗ ಮುಖ ತಾನಾಗಿ ಕಿವುಚಿದರೆ, ಇದು ಬ್ಲೇಡಿಗೋ ಜನಕ್ಕೋ ಎಂದು ಅನುಮಾನ ಬರುತ್ತಿತ್ತು.

ಡ್ರಮ್ಮಕ್ಕ ಪ್ರವಾಸ ಅರ್ಧಕ್ಕೆ ಬಿಟ್ಟು ಬಂದಳು. ಮಗಳಿಗೆ ಹೆರಿಗೆಯಾಗಿ ಮೊಮ್ಮಗಳು ಬಂದಿದ್ದಳು. ಎತ್ತಿಕೊಳ್ಳಲು ಹೋದರೆ, ‘ಅಮ್ಮ, ಮೊದಲು ಸ್ನಾನ ಮಾಡು, ನಿನ್ನ ತಲೆಕೂದಲೆಲ್ಲ ನಾರ್ತಿದೆ’ ಎಂದಳಂತೆ ಮಗಳು. ಸ್ನಾನ ಮಾಡಿದವಳು ಮತ್ತೆ ಪ್ರವಾಸದ ಬಸ್ಸು ಹತ್ತಲಿಲ್ಲ. ಈ ಸಲ ಹೊಸ್ತಿಲಲ್ಲಿ ನಿಲ್ಲದೆ ನೇರ ಒಳಗೆ ಬಂದು ಕುಳಿತಳು.

"ಬೈಯೋದಿದ್ರೆ ಬೈದುಬಿಡು. ಆಮೇಲೆ ಆ ಗಂಟು ಬಿಚ್ಚು."

"ಬಿಚ್ಚಿ ಏನು ಮಾಡ್ಲಿ ಅಕ್ಕ? ತುಟಿಗಿಟ್ಟರೆ ಅವನೇ ಬರ್ತಾನೆ. ಆ ಟೋಪಿಯವನು."

"ಬರಲಿ. ಬಂದಾಗ ನಾನು ನಿಲ್ಲಿಸ್ತೀನಿ."

ಅವಳ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ತುಂಡುಗಳ ರಾಶಿಯ ನಡುವೆ ಮಧ್ಯಾಹ್ನದ ಹೊತ್ತು ಇಬ್ಬರೂ ಕೂರತೊಡಗಿದರು. ಅವನು ನುಡಿಸುತ್ತಿದ್ದ. ಮುಖ ಎತ್ತಿದರೆ ಡ್ರಮ್ಮು ನಿಲ್ಲುತ್ತಿತ್ತು. ಒಂದು ಸ್ವರವನ್ನು ಬೇಕಾದ್ದಕ್ಕಿಂತ ಹೆಚ್ಚು ಎಳೆದರೆ ನಿಲ್ಲುತ್ತಿತ್ತು. "ಬಂದ ನೋಡು," ಎನ್ನುತ್ತಿದ್ದಳು ಅವಳು, ಸೂಜಿಗೆ ದಾರ ಪೋಣಿಸುವಾಗಿನ ಅದೇ ಮುಖದಲ್ಲಿ. ಮೊದಲ ದಿನಗಳಲ್ಲಿ ಒಂದು ಹಾಡೂ ಕೊನೆ ಮುಟ್ಟಲಿಲ್ಲ. ತೆಗೆದು ತೆಗೆದು ಹಾಕಿದ ಮೇಲೆ ಉಳಿದದ್ದು ಬಹಳ ಕಡಿಮೆ ಎಂದು ಪೀಪಿಗೆ ಕಂಡಿತು. ಒಮ್ಮೊಮ್ಮೆ ಅವನಿಗೆ ಸಿಟ್ಟು ಬಂದು, "ಜನಕ್ಕೆ ಏನಾದ್ರೂ ಬೇಕಲ್ಲ ಅಕ್ಕ," ಎಂದು ಕೂಗಾಡುತ್ತಿದ್ದ. ಅವಳು ಕೈಯಲ್ಲಿನ ಕೋಲು ಕೆಳಗಿಟ್ಟು, ಅವನು ಸುಮ್ಮನಾಗುವವರೆಗೆ ಗುಂಡಿ ಹಚ್ಚುತ್ತಾ ಕೂರುತ್ತಿದ್ದಳು.

ಚಳಿ ಶುರುವಾಗುವಾಗ ಬಸ್ ಡಿಪೋದ ಕ್ಯಾಂಟೀನಿನಲ್ಲಿ ಅವರಿಬ್ಬರೇ ನುಡಿಸಿದರು. ಡಿಪೋದ ಮೆಕ್ಯಾನಿಕ್ ಒಬ್ಬ ಡ್ರಮ್ಮಕ್ಕನ ಅಳಿಯನ ಸ್ನೇಹಿತ. ಊಟದ ಬಿಡುವು. ಚಾಲಕರು, ಟಿಕೆಟಿನವರು ತಟ್ಟೆ ಹಿಡಿದು ಕುಳಿತಿದ್ದರು. ಚಮಚದ ಸದ್ದು ನಿಲ್ಲಲಿಲ್ಲ. ಒಬ್ಬ ಚಾಲಕ ಬಾಯಿ ತುಂಬ ತುತ್ತಿಟ್ಟುಕೊಂಡೇ, "ಆ ಅಳೋ ಹಾಡು ಬರುತ್ತಾ ನಿಮಗೆ?" ಎಂದ.

ಪೀಪಿ ಡ್ರಮ್ಮಕ್ಕನ ಮುಖ ನೋಡಿದ. ಅವಳು ಪೆಡಲಿನ ಮೇಲೆ ಕಾಲಿಟ್ಟಳು.

ಮಾವನ ಹಾಡನ್ನು ಅವನು ತಲೆ ತಗ್ಗಿಸದೆ, ಕಣ್ಣು ಬಿಟ್ಟುಕೊಂಡೇ ನುಡಿಸಿದ. ಆ ಜಾಗ ಬಂದಾಗ ಮೈಯೆಲ್ಲ ಅಭ್ಯಾಸಬಲದಿಂದ ಭುಜದ ಕಡೆಗೆ ಎಳೆಯಿತು, ವಾಕರಿಕೆ ಗಂಟಲವರೆಗೂ ಬಂತು. ಅದನ್ನು ನುಂಗಿಕೊಂಡು ನಿಲ್ಲಿಸದೆ ಎತ್ತರದ ಸ್ವರಕ್ಕೆ ಹೋದ. ಸ್ವರ ಸ್ವಲ್ಪ ಒರಟಾಗಿ ಬಂದರೂ ತಪ್ಪಲಿಲ್ಲ. ಹಾಡು ಮುಗಿಯಿತು. ಇಬ್ಬರು ಮೂವರು ಚಪ್ಪಾಳೆ ತಟ್ಟಿದರು.

"ಚೆನ್ನಾಗಿದೆ," ಎಂದ ಆ ಚಾಲಕ, ಕೈ ತೊಳೆಯಲು ಏಳುತ್ತಾ. "ಆದರೆ ಬೇಜಾರು ಮಾಡ್ಕೋಬೇಡಿ, ಪೀಪಿ ಥರ ಬರಲ್ಲ ಬಿಡಿ. ಅವನು ಎದೆ ಬಗೆದು ಇಡ್ತಾನೆ."

ಡ್ರಮ್ಮಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಪೀಪಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. "ಹೌದು, ಬರಲ್ಲ," ಎಂದು ಒಪ್ಪಿಕೊಂಡ. ಡಿಪೋದವರು ಮುಂದಿನ ವಾರವೂ ಬನ್ನಿ ಎಂದರು. ಹೋದರು.

ಪ್ರವಾಸ ಮುಗಿಸಿದ ಭಾಮೈದ ಒಂದು ಮಧ್ಯಾಹ್ನ ಏನೂ ನಡೆದೇ ಇಲ್ಲವೆಂಬಂತೆ ಮನೆಗೆ ಬಂದ. ಹೊಸ ಕೋಟು, ಕೈಯಲ್ಲಿ ಅಕ್ಕನಿಗೊಂದು ಶಾಲು. ಹೆಂಡತಿ ತಟ್ಟೆ ಹಾಕಿದಳು, ತಮ್ಮನಲ್ಲವೇ. ಪೀಪಿಯೂ ಎದುರಿಗೆ ಕುಳಿತ. ಅರ್ಧ ಊಟವಾಗುವವರೆಗೂ ಬಸ್ಸಿನದು, ಹೋಟೆಲಿನದು ಮಾತಾಯಿತು. ಆಮೇಲೆ ಭಾಮೈದ ಗಂಟಲು ಸರಿ ಮಾಡಿಕೊಂಡ.

"ಭಾವ, ಕಂಪನಿಯವರು ಇನ್ನೊಂದು ವರ್ಷ ಅಂತಿದಾರೆ. ಆದರೆ ಅವನ ಕೈಲಿ ಆಗಲ್ಲ. ದಿನಾ ಆ ಹೊಗೆ ಎಳೆದು ಎಳೆದು ಎದೆ ಕಟ್ಟಿಬಿಟ್ಟಿದೆ. ನುಡಿಸೋಕೆ ಹೋದರೆ ಕೆಮ್ಮು. ಮೊದಲು ಸೇದ್ತಿರಲಿಲ್ಲವಂತೆ ನೋಡಿ. ನೀವು ಬಂದರೆ..."

"ಈಗ ಎಲ್ಲಿದಾನೆ?" ಎಂದ ಪೀಪಿ.

"ಯಾರು?"

"ಆ ಹುಡುಗ. ಯಾರು ನೋಡ್ಕೊಳ್ತಿದಾರೆ?"

"ಗೊತ್ತಿಲ್ಲ ಭಾವ. ಒಪ್ಪಂದ ಮುಗೀತಲ್ಲ."

ಎದುರಿಗೆ ಕುಳಿತವನ ತುಟಿಯಂಚಿನಲ್ಲಿ ಎಣ್ಣೆ ಹೊಳೆಯುತ್ತಿತ್ತು, ದವಡೆ ಅಗಿಯುತ್ತಲೇ ಇತ್ತು. ಪೀಪಿ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಿಂತೇ ಉಳಿದದ್ದನ್ನು ತಿನ್ನಲು ನೋಡಿದ. ಇಳಿಯಲಿಲ್ಲ.

ಹೊರಗೆ ಹೆಂಡತಿಯ ದನಿ ಕೇಳಿಸಿತು. "ಊಟ ಮುಗಿಸಿಕೋ. ಅನ್ನಕ್ಕೆ ಅವಮಾನ ಮಾಡೋದು ಬೇಡ. ಮುಗಿದ ಮೇಲೆ ಆ ಹುಡುಗ ಇರೋ ಜಾಗ ಎಲ್ಲಿ ಅಂತ ಕೇಳ್ಕೊಂಡು ಬಂದು ನಿಮ್ಮ ಭಾವಂಗೆ ಹೇಳು. ಅದು ಆಗೋವರೆಗೂ ಈ ಕಡೆ ಬರಬೇಡ. ಶಾಲು ತಗೊಂಡು ಹೋಗು."

"ಅಕ್ಕ..."

"ತಗೊಂಡು ಹೋಗು ಅಂದೆ."

ಭಾಮೈದ ಎದ್ದು ಹೋದ ಸದ್ದಾಯಿತು. ಮರುದಿನ ಅವನು ಬರಲಿಲ್ಲ, ಕಡ್ಡಿಯ ಕೈಯಲ್ಲಿ ಆ ಹುಡುಗನ ಮನೆಯಿದ್ದ ಬೀದಿಯ ಹೆಸರು ಹೇಳಿ ಕಳಿಸಿದ. ಕಡ್ಡಿ ಬಾಗಿಲಲ್ಲಿ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ. ಪೀಪಿ ಅವನನ್ನು ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ದಾರಿ ತೋರಿಸು, ನಡಿ," ಎಂದ.